ತಟ್ಟೆಯಲ್ಲಿ ಕೇಳಿದ್ದೆಷ್ಟು, ರಜಾಫ್ ಬರೆದದ್ದೆಷ್ಟು

ಜಾಝ್ ಸಂಗೀತದ ಮೊದಲ ದಶಕಗಳ ಗೀತೆಗಳನ್ನು ಇಂದಿನ ಕೇಳುಗರು ಬಹುಪಾಲು ಗ್ರಾಮಫೋನ್ ತಟ್ಟೆಗಳ ಮೂಲಕವೇ ಬಲ್ಲವರಾದ್ದರಿಂದ, ತಟ್ಟೆಯಲ್ಲಿ ಕೇಳಿಬರುವ ಮಾತುಗಳೇ ಗೀತರಚನಕಾರ ಬರೆದ ಪೂರ್ಣಪಾಠವೆಂದೂ ಹಾಡಿದವರೇ ಆ ಮಾತುಗಳ ಒಡೆಯರೆಂದೂ ತಿಳಿಯುವುದು ರೂಢಿಯಾಗಿಬಿಟ್ಟಿದೆ. ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿ ಬೆಳೆದ ಕಪ್ಪು ಅಮೆರಿಕನ್ ಗೀತರಚನಕಾರ ಆಂಡಿ ರಜಾಫ್ (1895–1973) ಅವರ ವಿಷಯದಲ್ಲಿ ಈ ಎರಡು ತಿಳಿವಳಿಕೆಗಳೂ ನಿಲ್ಲುವುದಿಲ್ಲ. ಅವರ ಬರವಣಿಗೆಯನ್ನು ಉಳಿಸಿದ್ದು ಧ್ವನಿಮುದ್ರಣವೇ ಆದರೂ, ಅದನ್ನು ಕತ್ತರಿಸಿ, ತಿರುಗಿಸಿ, ಕೆಲವೊಮ್ಮೆ ಪೂರ್ತಿಯಾಗಿ ಬಿಟ್ಟು ಉಳಿಸಿತು ಎಂಬುದನ್ನು ಗಮನಿಸದೆ ಅವರನ್ನು ಅಳೆಯಲಾಗದು.

ಅವರ ಹುಟ್ಟಿನ ಬಗೆಗಿನ ಕಥೆಗಳನ್ನು ಮೊದಲು ಬದಿಗಿಡಬಹುದು. ರಜಾಫ್ ಮಡಗಾಸ್ಕರ್ ದ್ವೀಪದ ರಾಜಕುಮಾರರೆಂಬ ಮಾತು ಅರ್ಧ ಸತ್ಯ: ತಂದೆ ಆ ದ್ವೀಪದ ಕೊನೆಯ ರಾಣಿ ಮೂರನೆಯ ರಾನವಲೋನಾ ಅವರ ಸಂಬಂಧಿಯಾಗಿದ್ದರು. ಆದರೆ ಫ್ರೆಂಚರ ಆಕ್ರಮಣದಲ್ಲಿ ಆತ ಸತ್ತು, ಗರ್ಭಿಣಿಯಾಗಿದ್ದ ತಾಯಿ ಅಮೆರಿಕಕ್ಕೆ ಮರಳಿದ ಮೇಲೆ ವಾಷಿಂಗ್ಟನ್‌ನಲ್ಲಿ ಹುಟ್ಟಿದ ಮಗುವಿಗೆ ರಾಜ್ಯವೂ ಇರಲಿಲ್ಲ, ಆಸ್ತಿಯೂ ಇರಲಿಲ್ಲ. ಹದಿಹರೆಯದಲ್ಲೇ ಶಾಲೆ ಬಿಟ್ಟು ಲಿಫ್ಟ್ ನಡೆಸುವ ಕೆಲಸಕ್ಕೆ ಸೇರಿದ ರಜಾಫ್ ಅವರ ಮೊದಲ ಗೀತೆ 1913ರಲ್ಲಿ ರಂಗವೇರಿತು. ಮಡಗಾಸ್ಕರ್‌ನಲ್ಲಿ ಅಮೆರಿಕದ ರಾಯಭಾರ ಅಧಿಕಾರಿಯಾಗಿದ್ದ ತಾಯಿಯ ತಂದೆ ಜಾನ್ ವಾಲರ್ ಅವರಿಗೂ, ಮುಂದೆ ರಜಾಫ್ ಅವರ ಜೊತೆಗಾರರಾದ ಪಿಯಾನೊ ವಾದಕ ಫ್ಯಾಟ್ಸ್ ವಾಲರ್ ಅವರಿಗೂ ನೆಂಟಸ್ತನವಿತ್ತೆಂಬ ಊಹೆಗೆ ಮನೆತನದ ಹೆಸರು ಒಂದೇ ಎಂಬುದರ ಹೊರತು ಆಧಾರವಿಲ್ಲ.

ತಪ್ಪು ತಿಳಿವಳಿಕೆ ಅತ್ಯಂತ ಗಟ್ಟಿಯಾಗಿ ಬೇರೂರಿರುವುದು 1929ರ ‘ಬ್ಲ್ಯಾಕ್ ಅಂಡ್ ಬ್ಲೂ’ ಎಂಬ ಗೀತೆಯ ಸುತ್ತ. ಅದು ವರ್ಣಭೇದದ ವಿರುದ್ಧ ಪ್ರತಿಭಟನೆಗೆಂದೇ ರಚಿತವಾಯಿತೆಂದೂ ಅದು ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಗೀತೆಯೆಂದೂ ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದು ‘ಹಾಟ್ ಚಾಕೊಲೇಟ್ಸ್’ ಎಂಬ ರೆವ್ಯೂಗಾಗಿ, ಅಂದರೆ ಹಾಡು, ಕುಣಿತ ಮತ್ತು ಹಾಸ್ಯದ ತುಣುಕುಗಳನ್ನು ಪೋಣಿಸಿದ ರಂಗಪ್ರದರ್ಶನಕ್ಕಾಗಿ, ಬರೆದ ಹಾಡು. ರಾಗ ಫ್ಯಾಟ್ಸ್ ವಾಲರ್ ಮತ್ತು ಹ್ಯಾರಿ ಬ್ರೂಕ್ಸ್ ಅವರದು, ರಂಗದ ಮೇಲೆ ಮೊದಲು ಹಾಡಿದವರು ಎಡಿತ್ ವಿಲ್ಸನ್ ಎಂಬ ಗಾಯಕಿ. ಪ್ರದರ್ಶನಕ್ಕೆ ಹಣ ಹೂಡಿದ್ದ ಡಚ್ ಷುಲ್ಟ್ಸ್ ಎಂಬ ಕುಖ್ಯಾತ ಪುಂಡನು ಕಪ್ಪು ಹೆಣ್ಣೊಬ್ಬಳು ತನ್ನ ಬಣ್ಣಕ್ಕಾಗಿ ಗೋಳಾಡುವ ನಗೆಹಾಡು ಬೇಕೆಂದು ಪಿಸ್ತೂಲು ತೋರಿಸಿ ಒತ್ತಾಯಿಸಿದನೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಅದಕ್ಕಿರುವ ಆಧಾರ ರಜಾಫ್ ಅವರೇ ನಂತರ ಹೇಳಿದ ಮಾತು ಎಂಬುದನ್ನು ಮಾತ್ರ ಮರೆಯಬಾರದು. ಪಿಸ್ತೂಲಿನ ಮಾತು ಹೇಗೇ ಇರಲಿ, ಕೇಳಿದ್ದು ನಗೆಯನ್ನು ಮತ್ತು ಸಿಕ್ಕಿದ್ದು ನಗಲಾರದಂಥದನ್ನು ಎಂಬುದು ಪಾಠದಿಂದಲೇ ತಿಳಿಯುತ್ತದೆ.

ಆ ಕಾಲದ ಜನಪ್ರಿಯ ಗೀತೆಗೆ ಎರಡು ಅಂಗಗಳಿದ್ದವು. ಕಥೆಯ ಸಂದರ್ಭವನ್ನು ಹೂಡುವ ಪೀಠಿಕೆಯ ಭಾಗಕ್ಕೆ ವರ್ಸ್ ಎಂದೂ, ಸಾಮಾನ್ಯವಾಗಿ 32 ತಾಳಘಟಕಗಳಲ್ಲಿ ಹರಡಿಕೊಳ್ಳುವ, ಜನರ ಬಾಯಲ್ಲಿ ಉಳಿಯುವ ಮುಖ್ಯ ಭಾಗಕ್ಕೆ ಕೋರಸ್ ಎಂದೂ ಹೆಸರು. ದೇವರನಾಮಕ್ಕೆ ಮುಂಚೆ ಬರುವ ಉಗಾಭೋಗದಂತೆ ವರ್ಸ್ ಮುಂದಿನದಕ್ಕೆ ಮನಸ್ಸನ್ನು ಹದಗೊಳಿಸುತ್ತಿತ್ತು. ‘ಬ್ಲ್ಯಾಕ್ ಅಂಡ್ ಬ್ಲೂ’ವಿನ ವರ್ಸ್‌ನಲ್ಲಿರುವವಳು ತನಗಿಂತ ತಿಳಿಬಣ್ಣದ ಹೆಂಗಸರ ಕಡೆಗೇ ಗಂಡಸರು ಒಲಿಯುವುದನ್ನು ಕಂಡು ಒಂಟಿಯಾಗಿ ಕುಳಿತ ಹೆಣ್ಣು, ಆದ್ದರಿಂದ ಆ ಗೀತೆಯ ಮೊದಲ ಅಳಲು ಕಪ್ಪು ಸಮುದಾಯದ ಒಳಗೇ ಇದ್ದ ಬಣ್ಣದ ಮೇಲುಕೀಳಿನ ಬಗೆಗಿನದು. ಕೋರಸ್‌ಗೆ ಬಂದಾಗ ರಜಾಫ್ ಈ ಖಾಸಗಿ ದುಃಖವನ್ನು ಹಿಗ್ಗಿಸಿ ಇಡೀ ಜನಾಂಗದ ಪ್ರಶ್ನೆಯಾಗಿಸುತ್ತಾರೆ. 1929ರ ಜುಲೈನಲ್ಲಿ ಇದನ್ನು ಮುದ್ರಿಸಿದ ಆರ್ಮ್‌ಸ್ಟ್ರಾಂಗ್ ವರ್ಸನ್ನು ಬಿಟ್ಟು ಕೋರಸ್ ಮಾತ್ರ ಹಾಡಿದರು. ಹತ್ತು ಅಂಗುಲದ ತಟ್ಟೆಯ ಒಂದು ಮೈಯಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕಿಂತ ತುಸು ಹೆಚ್ಚಾದ್ದರಿಂದ ವರ್ಸ್ ಕೈಬಿಡುವುದು ಆಗ ಸಾಮಾನ್ಯವೇ ಆಗಿತ್ತು. ಆದರೆ ಇಲ್ಲಿ ಆ ಕತ್ತರಿಯಿಂದ ಹಾಡಿನ ಹೆಣ್ಣೇ ಮಾಯವಾಗಿ, ಉಳಿದ ಭಾಗ ನೇರವಾಗಿ ಜನಾಂಗದ ದನಿಯಾಯಿತು. ಪ್ರತಿಭಟನೆಯ ಗೀತೆ ಎಂಬ ಹೆಸರು ಹೀಗೆ ಬರಹಕ್ಕಿಂತ ಮುದ್ರಣಕ್ಕೆ ಹೆಚ್ಚು ಸಲ್ಲುತ್ತದೆ, ಆದರೂ ಅದಕ್ಕೆ ಬೇಕಾದ ಮಾತುಗಳನ್ನು ಕೋರಸ್‌ನಲ್ಲಿ ಇಟ್ಟವರು ರಜಾಫ್ ಅವರೇ. 1952ರಲ್ಲಿ ಪ್ರಕಟವಾದ ರಾಲ್ಫ್ ಎಲಿಸನ್ ಅವರ ‘ಇನ್ವಿಸಿಬಲ್ ಮ್ಯಾನ್’ ಕಾದಂಬರಿಯ ನಿರೂಪಕ ಈ ತಟ್ಟೆಯನ್ನು ಕೇಳುತ್ತ ಆರ್ಮ್‌ಸ್ಟ್ರಾಂಗ್ ಅವರನ್ನು ಕೊಂಡಾಡುತ್ತಾನೆ. ಬರೆದವರ ನೆನಪು ಅವನಿಗೆ ಬರುವುದಿಲ್ಲ, ಓದುಗರಿಗೂ ಬಂದಿಲ್ಲ.

ಅದೇ ರೆವ್ಯೂವಿನ ‘ಏಯ್ಂಟ್ ಮಿಸ್‌ಬಿಹೇವಿನ್’ ಗೀತೆ ಜೈಲಿನಲ್ಲಿ ಹುಟ್ಟಿತೆಂಬ ರಂಜನೀಯ ಕಥೆಯನ್ನು ಹಬ್ಬಿಸಿದವರು ವಾಲರ್. ಹೆಂಡತಿಗೆ ಕೊಡಬೇಕಾದ ಜೀವನಾಂಶವನ್ನು ಬಾಕಿ ಉಳಿಸಿಕೊಂಡು ಅವರು ಜೈಲು ಕಂಡದ್ದು ನಿಜವೇ. ಆದರೆ ರಜಾಫ್ ಹೇಳುವಂತೆ, ಗೀತೆ ಸಿದ್ಧವಾದದ್ದು ಪ್ರದರ್ಶನದ ತಯಾರಿಯ ನಡುವೆ, ವಾಲರ್ ಅವರ ಮನೆಯಲ್ಲಿ, ಒಂದು ಗಂಟೆಯೂ ಹಿಡಿಯದೆ. ಪ್ರದರ್ಶನದ ಅಗತ್ಯಕ್ಕೆ ತಕ್ಕಂತೆ ಅವಸರದಲ್ಲಿ ಗೀತೆ ಕಟ್ಟುವುದು ಇಬ್ಬರ ವೃತ್ತಿಯೇ ಆಗಿದ್ದರಿಂದ ಈ ಎರಡನೆಯ ವಿವರಣೆಯೇ ನಂಬಲು ಹೆಚ್ಚು ಯೋಗ್ಯವಾಗಿ ಕಾಣುತ್ತದೆ. 1929ರ ಆಗಸ್ಟ್‌ನಲ್ಲಿ ವಾಲರ್ ಮುದ್ರಿಸಿದ ಪ್ರಸಿದ್ಧ ತಟ್ಟೆ ಬರಿಯ ಪಿಯಾನೊ ವಾದನವಾದ್ದರಿಂದ ಅದರಲ್ಲಿ ರಜಾಫ್ ಅವರ ಒಂದು ಪದವೂ ಇಲ್ಲ.

ಇಷ್ಟು ಹೆಸರಾದ ಹಾಡುಗಳಿಂದ ರಚನಕಾರರು ಸಿರಿವಂತರಾಗಿರಬೇಕೆಂಬುದು ಇನ್ನೊಂದು ಊಹೆ. 1909ರ ಅಮೆರಿಕನ್ ಹಕ್ಕುಸ್ವಾಮ್ಯ ಕಾನೂನು ತಯಾರಾದ ಪ್ರತಿ ತಟ್ಟೆಗೆ ಗೀತೆಯೊಂದಕ್ಕೆ 2 ಸೆಂಟ್ ಗೌರವಧನವನ್ನು ನಿಗದಿಮಾಡಿತ್ತಾದರೂ ಅದು ಸಲ್ಲುತ್ತಿದ್ದುದು ಹಕ್ಕು ಯಾರ ಕೈಯಲ್ಲಿದೆಯೋ ಅವರಿಗೆ. ಕೈಗೆ ಒಡನೆ ಕಾಸು ಬೇಕಾದ ಕಪ್ಪು ಕಲಾವಿದರು ಹಕ್ಕನ್ನೇ ಪ್ರಕಾಶಕರಿಗೆ ಮಾರಿಬಿಡುತ್ತಿದ್ದರು. ‘ಏಯ್ಂಟ್ ಮಿಸ್‌ಬಿಹೇವಿನ್’, ‘ಬ್ಲ್ಯಾಕ್ ಅಂಡ್ ಬ್ಲೂ’ ಸೇರಿದಂತೆ ಹತ್ತಾರು ಗೀತೆಗಳಲ್ಲಿನ ತಮ್ಮ ಹಕ್ಕನ್ನು ವಾಲರ್ ಕೇವಲ 500 ಡಾಲರ್‌ಗೆ ಬಿಟ್ಟುಕೊಟ್ಟದ್ದು 1929ರಲ್ಲೇ.

ರಜಾಫ್ ದ್ವಂದ್ವಾರ್ಥದ ಪೋಲಿ ಹಾಡುಗಳ ಕವಿ ಎಂಬ ಅಭಿಪ್ರಾಯಕ್ಕೂ ಕಾರಣ ತಟ್ಟೆಗಳೇ. ಎಥೆಲ್ ವಾಟರ್ಸ್ 1928ರಲ್ಲಿ ಮುದ್ರಿಸಿದ ‘ಮೈ ಹ್ಯಾಂಡಿ ಮ್ಯಾನ್’, ಬೆಸ್ಸಿ ಸ್ಮಿತ್ 1929ರಲ್ಲಿ ಮುದ್ರಿಸಿದ ‘ಕಿಚನ್ ಮ್ಯಾನ್’ ಅಂಥವೇ, ಮತ್ತು ಆ ಕುಶಲತೆಯಲ್ಲಿ ರಜಾಫ್ ಅವರಿಗೆ ಸಮನಾದವರು ಕಡಿಮೆ ಎಂದು ಒಪ್ಪಲು ಸಂಕೋಚಪಡಬೇಕಿಲ್ಲ. ಆದರೆ ಅದೇ ಲೇಖನಿ ಸುಮಾರು ಹತ್ತು ವರ್ಷ ಮೊದಲು ಹ್ಯೂಬರ್ಟ್ ಹ್ಯಾರಿಸನ್ ಅವರ ‘ದ ವಾಯ್ಸ್’ ಪತ್ರಿಕೆಗೆ ಗಂಭೀರ ಕವಿತೆಗಳನ್ನು ಬರೆದಿತ್ತು. ತಟ್ಟೆಯ ಮಾರುಕಟ್ಟೆಗೆ ಅವು ಬೇಕಿರಲಿಲ್ಲ, ಅಷ್ಟೆ. ಇದಕ್ಕೂ ವಿಚಿತ್ರವಾದದ್ದು ‘ಇನ್ ದ ಮೂಡ್’ ಸಂಗತಿ: ಗ್ಲೆನ್ ಮಿಲ್ಲರ್ ವಾದ್ಯವೃಂದದ 1939ರ ಮುದ್ರಣದಿಂದ ಜಗತ್ಪ್ರಸಿದ್ಧವಾದ ಈ ಕೃತಿಗೆ ಸಾಹಿತ್ಯವೇ ಇಲ್ಲವೆಂದು ಬಹುಮಂದಿ ತಿಳಿದಿದ್ದಾರೆ. ಜೋ ಗಾರ್ಲೆಂಡ್ ಅವರ ಆ ಸಂಯೋಜನೆಗೆ ರಜಾಫ್ ಸಾಹಿತ್ಯ ಬರೆದಿದ್ದರು. ಮಿಲ್ಲರ್ ಮುದ್ರಿಸಿದ್ದು ವಾದ್ಯರೂಪವನ್ನು ಮಾತ್ರ.

ರಜಾಫ್ ಅವರಿಗಾದ ಅನ್ಯಾಯವನ್ನು ಅರಿತವರು ಕೆಲವೊಮ್ಮೆ ಎದುರು ದಿಕ್ಕಿನಲ್ಲಿ ಎಡವುತ್ತಾರೆ. 1928ರ ‘ಐ ಕಾಂಟ್ ಗಿವ್ ಯೂ ಎನಿಥಿಂಗ್ ಬಟ್ ಲವ್’ ಗೀತೆ ಜಿಮ್ಮಿ ಮ್ಯಾಕ್‌ಹ್ಯೂ ಮತ್ತು ಡೊರೊಥಿ ಫೀಲ್ಡ್ಸ್ ಅವರ ಹೆಸರಿನಲ್ಲಿ ಪ್ರಕಟವಾಗಿದ್ದರೂ, ಅದನ್ನು ನಿಜವಾಗಿ ರಚಿಸಿ ಮಾರಿದವರು ವಾಲರ್ ಮತ್ತು ರಜಾಫ್ ಎಂದು ಆಗಾಗ ಖಚಿತ ಸತ್ಯದಂತೆ ಬರೆಯಲಾಗುತ್ತದೆ. ಗೀತೆಗಳನ್ನು ಹೆಸರಿನ ಸಮೇತ ಮಾರುವ ಪದ್ಧತಿ ಆಗ ಇದ್ದುದರಿಂದ ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಅದಕ್ಕೆ ಒದಗಿಸುವ ಆಧಾರಗಳೆಲ್ಲ ಬಾಯಿಮಾತಿನವು, ಮತ್ತು ಮುಂದಿನ ಹಲವು ದಶಕ ನಾಟಕಶಾಲೆಗೂ ಚಲನಚಿತ್ರಕ್ಕೂ ಉತ್ತಮ ಗೀತೆಗಳನ್ನು ಬರೆದ ಫೀಲ್ಡ್ಸ್ ಅವರಿಗೆ ಈ ಒಂದನ್ನು ಬರೆಯುವ ಶಕ್ತಿ ಇರಲಿಲ್ಲವೆನ್ನಲು ಕಾರಣವಿಲ್ಲ. ಬರಹದ ಸಾಕ್ಷ್ಯವೊಂದು ದೊರಕುವ ತನಕ ಆ ಗೀತೆಯ ಸಾಹಿತ್ಯ ಫೀಲ್ಡ್ಸ್ ಅವರ ಹೆಸರಿನಲ್ಲೇ ಇರುವುದು ನ್ಯಾಯ.