ಕಂಪನಿಯ ಕಥೆ ಮತ್ತು ಅಭಿಮಾನಿಯ ಆಕ್ಷೇಪ

1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನಾಡಿನಾದ್ಯಂತ ಪ್ರಸಿದ್ಧಿಗೊಳಿಸಿದ ಗುಬ್ಬಿ ವೀರಣ್ಣನವರು (1891–1972) ‘ಕಲೆಯೇ ಕಾಯಕ’ ಎಂಬ ಆತ್ಮಕಥೆಯನ್ನು ಬಿಟ್ಟುಹೋಗಿದ್ದಾರೆ. ಅವರ ಬಾಳೂ ಕಂಪನಿಯ ಬಾಳೂ ಬೇರೆಯಲ್ಲವಾದುದರಿಂದ ಅದು ಕಂಪನಿಯ ಚರಿತ್ರೆಯೂ ಹೌದು. ಆದರೆ ನಾಟಕಗಳನ್ನು ಕಣ್ಣಾರೆ ಕಂಡವರಿಗೆ ಪುಸ್ತಕವೊಂದೇ ಸಾಲದು. ಕಾಟನ್‌ಪೇಟೆಯ ಹಿರಿಯ ಅಭಿಮಾನಿಯೊಬ್ಬರು ಅದನ್ನು ಮನಸಾರೆ ಮೆಚ್ಚಿಕೊಂಡೂ, “ಸದಾರಮೆಯ ಕಳ್ಳನ ನಗೆ ಇದರಲ್ಲಿಲ್ಲ” ಎಂದು ನಮ್ಮೊಡನೆ ಆಕ್ಷೇಪಿಸಿದರು.

ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆ ಕಳ್ಳನ ಪಾತ್ರ ವೀರಣ್ಣನವರದೇ. ಊರಿಗೂ ಸಭೆಗೂ ತಕ್ಕಂತೆ ಮಾತು ಹೊಸದಾಗುತ್ತಿದ್ದ ಹಾಸ್ಯ ಅದು. ‘ಕುರುಕ್ಷೇತ್ರ’ಕ್ಕಾಗಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದ ಸಾಹಸವನ್ನು ವರ್ಣಿಸಬಹುದು, ಅಂತಹ ಹಾಸ್ಯ ಅಚ್ಚಿನ ಮೊಳೆಗೆ ಸಿಕ್ಕುವುದಿಲ್ಲ. ಅಲ್ಲದೆ, ಕಂಪನಿಯ ಒಡೆಯನು ರಂಗವನ್ನು ಪರದೆಯ ಹಿಂದಿನಿಂದ, ಕಷ್ಟನಷ್ಟಗಳ ನಡುವೆ ಕಾಣುತ್ತಾನೆ. ಪ್ರೇಕ್ಷಕನು ಕಾಣುವುದು ದೀಪದ ಬೆಳಕಿನಲ್ಲಿ.

ಅಭಿಮಾನಿಯ ನೆನಪು ಹಲವು ರಾತ್ರಿಗಳನ್ನು ಬೆಸೆದು ಒಂದಾಗಿಸುವುದೂ ನಿಜವೇ. (ನಮ್ಮ ಹಿರಿಯರು ಬಿ. ಜಯಮ್ಮನವರ ಒಂದೇ ಹಾಡನ್ನು ಎರಡು ನಾಟಕಗಳಿಗೆ ಸೇರಿಸಿ ಹೇಳಿದರು!) ಇಸವಿಗಳಿಗೆ ಗ್ರಂಥವನ್ನೇ ನಂಬುವುದು ಲೇಸು. ಆದರೆ ಸಭೆ ಯಾವ ಮಾತಿಗೆ ನಕ್ಕಿತು, ಎಲ್ಲಿ ಮೌನವಾಯಿತು ಎಂಬುದಕ್ಕೆ ಬೇರೆ ಸಾಕ್ಷಿಯಿಲ್ಲ. ಆ ಪೀಳಿಗೆಯಲ್ಲಿ ಈಗ ಉಳಿದವರು ಕೆಲವರೇ. ಅವರ ಮಾತನ್ನು ಬರೆದಿಡುವ ಕೆಲಸ ತಡೆಯಲಾರದು.