ಈ ಮಾತ್ರೆಯನ್ನು ಯಾರಿಗೆ ಕೊಟ್ಟು ನೋಡಿದ್ದರು?

ತಾಲ್ಲೂಕು ಕೇಂದ್ರವೊಂದರಲ್ಲಿ ಸಕ್ಕರೆ ಕಾಯಿಲೆ ನೋಡುವ ವೈದ್ಯೆ ನಾನು. ಹೊಸ ಮಾತ್ರೆಯ ವರದಿ ಕೈಗೆ ಸಿಕ್ಕರೆ ಫಲಿತಾಂಶಕ್ಕೂ ಮುಂಚೆ ಅದರ ಮೊದಲ ಕೋಷ್ಟಕ ಓದುತ್ತೇನೆ. ಪ್ರಯೋಗದಲ್ಲಿದ್ದವರ ವಯಸ್ಸು, ತೂಕ, ಹೆಂಗಸರೆಷ್ಟು, ಕಿಡ್ನಿ ಹೇಗಿತ್ತು, ಎಲ್ಲ ಅಲ್ಲಿರುತ್ತದೆ.

2015ರ ಎಂಪಾ-ರೆಗ್ ಔಟ್‌ಕಮ್ ಪ್ರಯೋಗದಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆ ನುಂಗಿದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಶೇ 38ರಷ್ಟು ಇಳಿಯಿತು. ಅದೇನು ಸಣ್ಣ ಮಾತಲ್ಲ. ಆದರೆ ಅಲ್ಲಿದ್ದ ಏಳು ಸಾವಿರ ಜನರಿಗೆ ಆಗಲೇ ಹೃದಯದ್ದೋ ರಕ್ತನಾಳದ್ದೋ ತೊಂದರೆ ಇತ್ತು. ಅಪಾಯ ಹೆಚ್ಚಿರುವವರನ್ನೇ ಆರಿಸಿದರೆ ಔಷಧಿಯ ಗುಣ ಬೇಗ ಗೊತ್ತಾಗುತ್ತದೆ, ಅದಕ್ಕೇ ಹಾಗೆ. ಹೆಂಗಸರು ನೂರಕ್ಕೆ ಮೂವತ್ತೂ ಇರಲಿಲ್ಲ. ಕಿಡ್ನಿ ತೀರಾ ಸೋತವರನ್ನು ಸೇರಿಸಿರಲಿಲ್ಲ. ಜರ್ಮನಿ, ನೆದರ್ಲೆಂಡ್ಸ್, ನಾರ್ವೆ, ಸ್ವೀಡನ್‌ಗಳ ಎಂಟು ಲಕ್ಷ ಮಧುಮೇಹಿಗಳ ದಾಖಲೆಗೆ ಇದೇ ಷರತ್ತುಗಳನ್ನು ಹಚ್ಚಿದಾಗ ಐವರಲ್ಲಿ ಒಬ್ಬರು ಮಾತ್ರ ಒಳಗೆ ಬರುತ್ತಿದ್ದರು. ಅದೇ ಬಗೆಯ ಇನ್ನೊಂದು ಮಾತ್ರೆಯ ಡಿಕ್ಲೇರ್ ಪ್ರಯೋಗ ಹೃದ್ರೋಗ ಇಲ್ಲದವರನ್ನೂ ಸೇರಿಸಿಕೊಂಡಿತ್ತು. ಅದರ ಷರತ್ತುಗಳಿಗೆ ಅದೇ ದಾಖಲೆಯ ಅರ್ಧಕ್ಕಿಂತ ಹೆಚ್ಚು ಜನ ಹೊಂದುತ್ತಿದ್ದರು.

ನನ್ನಲ್ಲಿಗೆ ಬರುವ ಒಬ್ಬ ಅಜ್ಜಿಗೆ ಎಪ್ಪತ್ತು ದಾಟಿದೆ. ಇನ್ಸುಲಿನ್, ಬಿಪಿ ಮಾತ್ರೆ, ಮಂಡಿನೋವಿನ ಮಾತ್ರೆ; ಕಿಡ್ನಿ ಸೋಲುವುದನ್ನು ತೋರಿಸುವ ಕ್ರಿಯಾಟಿನಿನ್ ಏರಿದೆ, ಬೆಳಗಿನ ಮಾತ್ರೆ ನುಂಗಿದ್ದು ನೆನಪಿರುವುದಿಲ್ಲ. "ಇದು ನಂಗೆ ಆಗಿಬರ್ತದಾ ಡಾಕ್ಟ್ರಮ್ಮ?" ಎಂದು ಕೇಳುತ್ತಾರೆ. ಇಂಥವರನ್ನು ದೊಡ್ಡ ಪ್ರಯೋಗಗಳು ಬಾಗಿಲಲ್ಲೇ ತಡೆಯುತ್ತವೆ. ಹಾಗಾಗಿ ಯಾವ ಮಾತ್ರೆಯನ್ನೂ ಅವರಿಗೆ ಹುಷಾರಾಗಿ ಶುರು ಮಾಡಿ, ಮತ್ತೆ ಬೇಗ ಕರೆಸಿ ರಕ್ತ ಪರೀಕ್ಷೆ ಮಾಡಿಸುತ್ತೇನೆ.

ನಮ್ಮವರ ಮೇಲೆ ನಡೆದ ಪ್ರಯೋಗದ ಬೆಲೆ ಏನೆಂದು ಮಧುಮೇಹ ತಡೆಯುವ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ. ಅಮೆರಿಕದ್ದು 2002ರದು. ಅಲ್ಲಿದ್ದವರ ಸರಾಸರಿ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 34. ಊಟ, ನಡಿಗೆ ಬದಲಿಸಿದ್ದಕ್ಕೆ ಮಧುಮೇಹ ಬರುವುದು ಶೇ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ದಿನಕ್ಕೆ 1,700 ಮಿಲಿಗ್ರಾಂ ಕೊಟ್ಟದ್ದಕ್ಕೆ ಶೇ 31. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 531 ಜನ, ಬಿಎಂಐ 26ರ ಆಸುಪಾಸು. ಊಟ, ವ್ಯಾಯಾಮದಿಂದ ತಗ್ಗಿದ್ದು ಶೇ 28.5. ಆದರೆ ದಿನಕ್ಕೆ ಬರೀ 500 ಮಿಲಿಗ್ರಾಂ ಮೆಟ್‌ಫಾರ್ಮಿನ್ ಶೇ 26.4ರಷ್ಟು ತಗ್ಗಿಸಿತು! ಇಲ್ಲಿಯವರನ್ನು ಇಲ್ಲೇ ನೋಡಿದ್ದರಿಂದಲೇ ಇದು ಗೊತ್ತಾದದ್ದು.

2023ರ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆ. ಪ್ರಯೋಗಗಳು ದೊಡ್ಡ ನಗರದ ಆಸ್ಪತ್ರೆಯಲ್ಲೇ ನಿಂತರೆ ಸಾಲದು, ತಾಲ್ಲೂಕಿಗೂ ಬರಬೇಕು. ಅಜ್ಜಿಯ ಬಸ್ ಚಾರ್ಜು, ಜೊತೆಗೆ ಬರುವ ಸೊಸೆಯ ಆ ದಿನದ ಕೂಲಿ ಎರಡನ್ನೂ ಪ್ರಯೋಗದ ಖರ್ಚಿನಲ್ಲೇ ಹಿಡಿಯಬೇಕು.