ಚಂದ್ರತಾಲ್: ಅವಸರ ಸಲ್ಲದ ಎತ್ತರ

ಹಿಮಾಚಲ ಪ್ರದೇಶದ ಸ್ಪಿತಿ ಸೀಮೆಯಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿರುವ ಸರೋವರ ಚಂದ್ರತಾಲ್. ಇಂದ್ರನ ರಥ ಧರ್ಮರಾಯನನ್ನು ಸ್ವರ್ಗಕ್ಕೆ ಕರೆದೊಯ್ದದ್ದು ಇಲ್ಲಿಂದಲೇ ಎಂಬುದು ಸ್ಥಳೀಯರ ನಂಬಿಕೆ. ಪಾಂಡವರು ನಡೆದೇ ಏರಿದರು. ಇಂದಿನ ಪ್ರವಾಸಿಯನ್ನು ಜೀಪು ಮನಾಲಿಯಿಂದ ಒಂದೇ ಹಗಲಿನಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ. ತೊಡಕಿರುವುದೇ ಇಲ್ಲಿ.

ಮನಾಲಿಯ ಎತ್ತರ ಸುಮಾರು 2,000 ಮೀಟರ್. ಮೇಲೇರಿದಂತೆ ಗಾಳಿ ತೆಳುವಾಗಿ, ಚಂದ್ರತಾಲದಲ್ಲಿ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕ ಕಡಲತೀರದಲ್ಲಿ ದೊರೆಯುವುದರ ಶೇ. 60ರಷ್ಟು ಮಾತ್ರ. ದೇಹ ಅದಕ್ಕೆ ಒಗ್ಗಲು ಕೆಲವು ದಿನಗಳೇ ಬೇಕು. ತಲೆನೋವು, ವಾಕರಿಕೆ ಮೊದಲ ಎಚ್ಚರಿಕೆ. ಉಲ್ಬಣಿಸಿದರೆ ಕೆಳಗಿಳಿಯುವುದೇ ಮದ್ದು. ಆದ್ದರಿಂದ ಕಿನ್ನೌರ್ ಮಾರ್ಗವಾಗಿ ಹಂತಹಂತವಾಗಿ ಏರಿ, ಕಾಜಾದಲ್ಲಿ ಒಂದೆರಡು ರಾತ್ರಿ ತಂಗಿ, ಕುಂಜುಮ್ ಕಣಿವೆ ದಾಟಿ ಬರುವುದು ಲೇಸು.

2005ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಈ ಸರೋವರದ ದಡದಲ್ಲಿ ಡೇರೆ ಹಾಕುವಂತಿಲ್ಲ. ಬಿಡಾರಗಳಿರುವುದು ಕೆಲವು ಕಿಲೋಮೀಟರ್ ದೂರದಲ್ಲಿ. ದಾರಿ ತೆರೆದಿರುವುದು ಬೇಸಿಗೆಯ ಕೆಲವೇ ತಿಂಗಳು. ಆಗಲೂ ಭರವಸೆಯಿಲ್ಲ: 2023ರ ಜುಲೈನಲ್ಲಿ ಹಿಮ ಬಿದ್ದು ಇನ್ನೂರೈವತ್ತಕ್ಕೂ ಹೆಚ್ಚು ಪ್ರವಾಸಿಗರು ಇಲ್ಲಿ ದಿನಗಟ್ಟಲೆ ಸಿಲುಕಿದ್ದರು. ಬೆಚ್ಚನೆಯ ಉಡುಪಿನಷ್ಟೇ ಅಗತ್ಯವಾದದ್ದು, ಕೈಯಲ್ಲಿ ಉಳಿಸಿಕೊಂಡ ಒಂದೆರಡು ದಿನ.